ಮೊಳೆ ಹೊಡೆಯಬಾರದ ಗೋಡೆ

ದೇವನೂರಿನ ಚಿಕ್ಕಸ್ವಾಮಿಯ ಹೊಸ ಮನೆಗೆ ಬಂದವರೆಲ್ಲ ಮೊದಲು ನೋಡುತ್ತಿದ್ದುದು ಹಾಲಿನ ದೊಡ್ಡ ಗೋಡೆಯನ್ನು. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ, ತೊಂದರೆ ಇದ್ದದ್ದೇ ಅದು. ಇಪ್ಪತ್ತನಾಲ್ಕು ಅಡಿ ಉದ್ದ, ಹದಿಮೂರು ಅಡಿ ಎತ್ತರ, ಕಿಟಕಿಯಿಲ್ಲ, ಬಾಗಿಲಿಲ್ಲ, ಒಂದು ಸ್ವಿಚ್ಚೂ ಇಲ್ಲ. ಗೃಹಪ್ರವೇಶವಾಗಿ ನಾಲ್ಕು ತಿಂಗಳು ಕಳೆದರೂ ಅದು ಬೆಳ್ಳಗೆ ಬೋಳಾಗಿ ನಿಂತು, ಮನೆಯ ಐದು ಜನರ ನಡುವೆ ದಿನಕ್ಕೊಂದು ಜಗಳ ಹಚ್ಚುತ್ತಿತ್ತು.

ಮನೆ ಕಟ್ಟಿಸಿದವನು ಮಗ ಶಿವಸ್ವಾಮಿ. ನಂಜನಗೂಡಿನ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಸೂಪರ್‌ವೈಸರ್. ಗೃಹಪ್ರವೇಶದ ದಿನ ಹೋಮದ ಹೊಗೆ ಆರುವ ಮುಂಚೆಯೇ ಅವನು ಎಲ್ಲರಿಗೂ ಕೇಳುವಂತೆ ಸಾರಿಬಿಟ್ಟಿದ್ದ.

"ಈ ಗೋಡೆಗೆ ಯಾರೂ ಒಂದು ಮೊಳೆ ಒಡೀಬಾರ್ದು. ಕ್ಯಾಲೆಂಡ್ರು, ಪಟ ಏನೂ ನೇತಾಕಂಗಿಲ್ಲ. ಇದ್ಕೆ ಏನ್ ಮಾಡ್ಬೇಕು ಅಂತ ನಂಗೊತ್ತು."

ಅವನಿಗೆ ಗೊತ್ತಿದ್ದುದು ಜಲಪಾತ. ಜೊತೆಯ ಕೆಲಸಗಾರರ ಮನೆಗಳಲ್ಲಿ ಅವನು ಅದನ್ನು ಕಂಡು ಬಂದಿದ್ದ. ಗೋಡೆ ತುಂಬ ಅಂಟಿಸುವ ಕಾಗದ, ಅದರಲ್ಲಿ ಬೆಟ್ಟದಿಂದ ಸುರಿಯುವ ನೀರು, ಕೆಳಗೆ ಎರಡು ಹಂಸ. ಸೋಫಾದ ಮೇಲೆ ಕೂತವನ ನೆತ್ತಿಗೇ ನೀರು ಬೀಳುವ ಹಾಗೆ ಕಾಣುತ್ತಿತ್ತಂತೆ.

ಅವನ ಅಪ್ಪ ಚಿಕ್ಕಸ್ವಾಮಿಗೆ ಗಡಿಯಾರ ಬೇಕಿತ್ತು, ಬೀದಿಯಲ್ಲಿ ನಿಂತರೂ ಗಂಟೆ ಕಾಣಬೇಕು, ಅಷ್ಟು ದೊಡ್ಡದು. ಡಿಗ್ರಿ ಮೊದಲ ವರ್ಷದಲ್ಲಿದ್ದ ಮೊಮ್ಮಗಳು ಲಿಖಿತಾ ಗೋಡೆ ತುಂಬ ಒಂದು ಮರ ಬರೆದು ಕೊಂಬೆಗೆಲ್ಲ ಮನೆಯವರ ಫೋಟೋ ಅಂಟಿಸುತ್ತೇನೆ ಎನ್ನುತ್ತಿದ್ದಳು. ಶಿವಸ್ವಾಮಿಯ ತಾಯಿ ವಿಶಾಲಮ್ಮನಿಗೆ ನಂಜುಂಡೇಶ್ವರನ ಪಟ ಸಾಕಿತ್ತು. ಮಂಡಿ ಹೋಗಿದ್ದರಿಂದ ಅವಳು ಕೂರುವ ದಿವಾನ ಮಂಚವನ್ನು ಆ ಗೋಡೆಯ ಎದುರಿಗೇ ಹಾಕಿದ್ದರು. ಬೆಳಗಿನಿಂದ ಸಂಜೆಯವರೆಗೆ ಬೋಳು ಗೋಡೆ ನೋಡಿಕೊಂಡು ಕೂರುವ ಶಿಕ್ಷೆ ಅವಳೊಬ್ಬಳಿಗೇ.

"ಸ್ವಾಮಿನಾದ್ರೂ ಮಡಗಲಾ, ಕೈ ಮುಗ್ಕೊಂಡು ಕೂತಿರ್ತೀನಿ," ಎಂದಳು ಒಂದು ದಿನ ಊಟದ ಹೊತ್ತಿನಲ್ಲಿ.

"ದೇವ್ರ ಮನೇಲಿ ಅವ್ನೆ ಕಣವ್ವ. ಹಾಲ್‌ಗೂ ಯಾಕೆ?"

"ಅಪ್ಪ, ಜಲಪಾತ ತುಂಬ ಹಳೇ ಫ್ಯಾಷನ್," ಎಂದಳು ಲಿಖಿತಾ.

"ನಿನ್ ಮರದಲ್ಲಿ ನಂದು ಯಾವ ಕೊಂಬೆ ಕೂಸು?" ಎಂದು ಚಿಕ್ಕಸ್ವಾಮಿ ಕೇಳಿದ.

"ನಿಂದು ಬೇರು ತಾತ."

"ಅಂಗಾರೆ ನನ್ ಫೋಟೋ ನೆಲದೊಳಕ್ಕೆ. ಬ್ಯಾಡ ಬುಡು, ಗಡಿಯಾರನೇ ಆಗ್ಲಿ."

ಈ ಗದ್ದಲದಲ್ಲಿ ಬಾಯಿ ಬಿಡದವಳು ಸೊಸೆ ನಾಗರತ್ನ ಒಬ್ಬಳೇ. ಮಗಳು ಒತ್ತಾಯ ಮಾಡಿ ಕೇಳಿದಾಗ, "ಹುಳ ಬಂದವೆ. ಬೆಳೆ ಮುಗೀಲಿ, ಆಮೇಲೆ ಗೋಡೆ ನೋಡಾನ," ಎಂದಳು.

ಹುಳ ಎಂದರೆ ರೇಷ್ಮೆ ಹುಳು. ಹಳೆಯ ಮನೆಯ ಮುಂಭಾಗವನ್ನು ಕೆಡವಿ ಹೊಸದನ್ನು ಎಬ್ಬಿಸಿದ್ದರು. ಹಿಂದಿನ ಅರ್ಧ ಶೀಟು ಹೊದ್ದುಕೊಂಡು ಹುಳುಮನೆಯಾಗಿ ಉಳಿದಿತ್ತು. ನರಸೀಪುರದ ಕಡೆಯಿಂದ ನಾಗರತ್ನ ಐವತ್ತು ಮೊಟ್ಟೆಯ ಮರಿಹುಳು ತರಿಸಿದ್ದಳು. ಒಂದು ಚಿಟ್ಟೆ ಇಡುವ ನಾನೂರು ಚಿಲ್ಲರೆಗೆ ಹುಳು ಸಾಕುವವರ ಲೆಕ್ಕದಲ್ಲಿ ಒಂದು ಮೊಟ್ಟೆ. ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ಮಿಸುಕದೆ ಮಲಗಿ, ಪೊರೆ ಕಳಚುತ್ತವೆ. ಅದಕ್ಕೆ ಜ್ವರ ಎನ್ನುತ್ತಾರೆ. ಎರಡು ಜ್ವರ ಮುಗಿಸಿ ಬಂದಿದ್ದ ಈ ಹುಳುಗಳಿಗೆ ಇನ್ನೆರಡು ಬಾಕಿ.

"ಇದೇ ಕೊನೆ ಬೆಳೆ, ಗೊತ್ತಲ್ಲ?" ಎಂದ ಶಿವಸ್ವಾಮಿ. "ಹೊಸ ಮನೆ ಪಕ್ಕದಲ್ಲಿ ಹುಳದ ವಾಸ್ನೆ ನಂಗೆ ಬ್ಯಾಡ. ದೀಪಾವಳಿ ಆಗ್ತಿದ್ದಂಗೆ ಜೆಸಿಬಿ ಕರೆಸ್ತೀನಿ. ಇಪ್ಪನೇರಳೆ ಕಿತ್ತು ರಸಬಾಳೆ ಆಕಾನ. ಹುಳುಮನೇನೂ ತೆಗ್ದು ಜಾಗ ಸಾಫ್ ಮಾಡಾನ. ನೀನೂ ಎಷ್ಟು ವರ್ಷ ಅಂತ ಸೊಪ್ಪು ಒರ್ತೀಯ? ಆರಾಮಾಗಿ ಕೂತ್ಕೋ."

ನಾಗರತ್ನ ಅವನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟು, ಕೈ ತೊಳೆದುಕೊಂಡು ಹುಳುಮನೆಗೆ ಹೋದಳು. ಅವಳ ಪಾಲಿನ ಮುದ್ದೆ ಪಾತ್ರೆಯಲ್ಲೇ ಆರಿದ್ದನ್ನು ಕಂಡವಳು ವಿಶಾಲಮ್ಮ. ಮಗನಿಗೆ ಇದೆಲ್ಲ ಕಾಣಿಸುವುದಿಲ್ಲವೇ ಎಂದುಕೊಂಡಳು. ಅವನು ಕೆಟ್ಟವನಲ್ಲ. ಹೆಂಡತಿಗೆ ಸುಖ ಕೊಡುತ್ತಿದ್ದೇನೆ ಎಂದೇ ನಂಬಿದ್ದಾನೆ. ಅವಳ ಕೈಯಲ್ಲಿರುವುದನ್ನು ಕಿತ್ತುಕೊಂಡು ಸುಖ ಕೊಡುವುದು ಹೇಗೆ ಎಂದು ಅವನಿಗೆ ಯಾರು ಹೇಳಬೇಕು?

ಆ ಅರ್ಧ ಎಕರೆ ಹಿಪ್ಪುನೇರಳೆ ನಾಗರತ್ನಳದು. ಪತ್ರದಲ್ಲಲ್ಲ, ಆದರೆ ಊರಿಗೆಲ್ಲ ಗೊತ್ತು. ಮುಡುಕುತೊರೆ ಕಡೆಯಿಂದ ಇಪ್ಪತ್ತು ವರ್ಷದ ಹಿಂದೆ ಮದುವೆಯಾಗಿ ಬಂದಾಗ ಅವಳಿಗೆ ಹುಳು ಮುಟ್ಟಲು ಅಸಹ್ಯ. ಮೊದಲ ಬೆಳೆಯಲ್ಲಿ ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡಿದ್ದಳು. ಹೇಳಿಕೊಟ್ಟವಳು ವಿಶಾಲಮ್ಮ. ಐದನೇ ಬೆಳೆಯ ಹೊತ್ತಿಗೆ ಹೇಳಿಕೊಡುವುದಕ್ಕೆ ಏನೂ ಉಳಿಯಲಿಲ್ಲ. ಸೊಪ್ಪನ್ನು ಮೂಸಿ ನೋಡಿ ಇದು ಇಂದು ಬೇಡ, ನಾಳೆಗೆ ಆಗುತ್ತದೆ ಎನ್ನುವಳು. ಹುಳು ಮೇಯುವ ಸದ್ದು ಕೇಳಿಯೇ ಯಾವ ತಟ್ಟೆಯಲ್ಲಿ ಮೇವು ತೀರಿದೆ ಎಂದು ಕತ್ತಲಲ್ಲೇ ಹೇಳುವಳು. ಮೂವತ್ತು ವರ್ಷ ಹುಳು ಸಾಕಿದ ವಿಶಾಲಮ್ಮನಿಗೆ ಆ ಕಿವಿ ಬಂದಿರಲಿಲ್ಲ.

ಇಷ್ಟಾದರೂ ವಿಶಾಲಮ್ಮ ಸೊಸೆಗೆ ಒಂದು ಒಳ್ಳೆಯ ಮಾತು ಆಡಿದ್ದಿಲ್ಲ. ಅದಕ್ಕೊಂದು ಕಾರಣವೂ ಇತ್ತು. ಹುಳು ಸಾಕುವ ಮನೆಯಲ್ಲಿ ಹೊಗಳಬಾರದು. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಗಾಡಿ ಹತ್ತಿಸುವವರೆಗೆ 'ಚೆನ್ನಾಗಿದೆ' ಎಂಬ ಮಾತು ಯಾರ ಬಾಯಿಂದಲೂ ಬರಕೂಡದು. ತುಂಬ ಮೆಚ್ಚಿಗೆಯಾದರೆ 'ಪರವಾಗಿಲ್ಲ' ಎನ್ನಬಹುದು, ಅಷ್ಟೆ. ಪಕ್ಕದ ಮನೆಯ ಗೋವಿಂದಮ್ಮ ಒಂದು ಸಲ ಬಾಗಿಲಲ್ಲಿ ನಿಂತು "ಅಯ್ಯೋ, ಏನ್ ಚೆನ್ನಾಗವೆ ಕಣಕ್ಕ" ಎಂದುಬಿಟ್ಟಳು. ನಾಲ್ಕೇ ದಿನಕ್ಕೆ ಹಾಲು ರೋಗ ತಗುಲಿ ಅರ್ಧ ಬೆಳೆ ತಿಪ್ಪೆಗೆ ಹೋಯಿತು. ವಿಶಾಲಮ್ಮ ಅವಳ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದಳು. ವರ್ಷಕ್ಕೆ ಐದು ಬೆಳೆ, ಒಂದು ಮುಗಿದು ಮನೆ ತೊಳೆಯುವಷ್ಟರಲ್ಲಿ ಇನ್ನೊಂದು. ಹೀಗಾಗಿ ಸೊಸೆಯನ್ನು ಹೊಗಳಲು ಇಪ್ಪತ್ತು ವರ್ಷದಲ್ಲಿ ಬಿಡುವೇ ಸಿಗಲಿಲ್ಲ ಎಂಬುದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ನೆಪ.

ಹುಳು ಮೂರನೇ ಜ್ವರದಿಂದ ಎದ್ದ ದಿನದಿಂದ ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು. ಮೆಣಸಿನಕಾಯಿ ಘಾಟು, ಊದುಬತ್ತಿ, ಸೊಳ್ಳೆಬತ್ತಿ, ತಲೆಗೆ ಹಾಕುವ ವಾಸನೆ ಎಣ್ಣೆ, ಯಾವುದೂ ಹುಳುವಿಗೆ ಆಗದು. ಲಿಖಿತಾಳ ಸೆಂಟಿನ ಬಾಟಲಿಯನ್ನು ನಾಗರತ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮೂರು ಹೊತ್ತೂ ಮುದ್ದೆ, ಸೊಪ್ಪು ಬೇಯಿಸಿ ಬಸಿದ ಒಗ್ಗರಣೆಯಿಲ್ಲದ ಉಪ್ಪೆಸರು, ಬೇಯಿಸಿದ ಕಾಳು.

"ಹೊಸ ಕಿಚನ್ ಕಟ್ಟಿಸಿ, ಚಿಮಣಿ ಆಕ್ಸಿ, ದಿನಾ ಉಪ್ಪೆಸ್ರು ತಿನ್ನೋ ಕರ್ಮ," ಎಂದ ಶಿವಸ್ವಾಮಿ.

"ನಿನ್ನ ಹೆತ್ತಾಗ್ಲೂ ಹುಳ ಇದ್ದೊ ಕಣ್ಲಾ. ಬಾಣಂತಿ ನಾನು, ಒಗ್ಗರಣೆ ಕಂಡಿರ್ನಿಲ್ಲ. ಉಪ್ಪೆಸ್ರು ಕುಡ್ದೇ ಇಷ್ಟುದ್ದ ಬೆಳ್ದಿದ್ದೀಯ," ಎಂದಳು ವಿಶಾಲಮ್ಮ.

ಚಿಕ್ಕಸ್ವಾಮಿ ನಕ್ಕು ಇನ್ನೊಂದು ಮುದ್ದೆಗೆ ತಟ್ಟೆ ಚಾಚಿದ. ಶಿವಸ್ವಾಮಿ ನಗಲಿಲ್ಲ.

ನಾಲ್ಕನೇ ಜ್ವರ ಶನಿವಾರ ಮುಗಿಯಿತು. ಸೋಮವಾರ ಬೆಳಿಗ್ಗೆ ನಂಜನಗೂಡಿನಿಂದ ವಾಲ್‌ಪೇಪರ್ ಅಂಗಡಿಯ ರಘು ಸ್ಕೂಟರಿನಲ್ಲಿ ಎರಡು ಡಬ್ಬ ಪ್ರೈಮರ್ ಇಟ್ಟುಕೊಂಡು ಬಂದ. ಕಾಗದ ಅಂಟಿಸುವ ಮೊದಲು ಗೋಡೆಗೆ ಅದನ್ನು ಬಳಿಯಬೇಕಂತೆ. ನಾಗರತ್ನ ಸೊಪ್ಪಿನ ಹೊರೆ ಹೊತ್ತು ಎದುರಿಗೆ ಬಂದವಳು ಗೇಟಿನಲ್ಲೇ ನಿಂತುಬಿಟ್ಟಳು. ತಲೆಯ ಮೇಲೆ ಹೊರೆ, ಕೈಯಲ್ಲಿ ಕುಡುಗೋಲು.

"ಅಣ್ಣ, ಆ ಡಬ್ಬ ಮುಚ್ಳ ತೆಗೀಬ್ಯಾಡಿ. ಹುಳ ಅವೆ."

"ಸ್ವಲ್ಪ ವಾಸ್ನೆ ಅಷ್ಟೆ ಕಣಕ್ಕ. ಸಾಯಂಕಾಲಕ್ಕೆ ಓಗುತ್ತೆ."

"ಸಾಯಂಕಾಲಕ್ಕೆ ನನ್ ಹುಳಾನೂ ಓಯ್ತವೆ. ಕೋಪ ಮಾಡ್ಕೋಬ್ಯಾಡಿ, ನೀರು ಕುಡ್ದು ಓಗಿ."

ರಘು ಗೇಟಿನ ಹೊರಗೇ ನೀರು ಕುಡಿದು ಹೋದ. ಕಿಟಕಿಯಿಂದ ಇದನ್ನೆಲ್ಲ ನೋಡಿದ ವಿಶಾಲಮ್ಮನಿಗೆ ಒಳಗೊಳಗೇ ಹಿಗ್ಗು. ಐದಡಿಗೆ ಎರಡಂಗುಲ ಕಡಿಮೆ ಇರುವ ಹೆಣ್ಣು, ಒಂದು ಗಟ್ಟಿ ಮಾತಾಡದೆ ಗಂಡಸನ್ನು ಡಬ್ಬದ ಸಮೇತ ವಾಪಸು ಕಳಿಸಿದಳಲ್ಲ!

ಸಂಜೆ ಶಿವಸ್ವಾಮಿ ಬೈಕಿನಿಂದ ಇಳಿಯುತ್ತಲೇ ಶುರು ಮಾಡಿದ.

"ರಘುನ ವಾಪಸ್ ಕಳಿಸಿದ್ಯಂತೆ? ಯಾರ್ನ ಕೇಳ್ದೆ?"

"ಹುಳನ ಕೇಳ್ದೆ," ಎಂದಳು ನಾಗರತ್ನ, ಸೊಪ್ಪಿಗೆ ಒದ್ದೆ ಗೋಣಿ ಹೊದಿಸುತ್ತ.

"ತಮಾಷೆ ಸಾಕು. ನಿಂಗೆ ಮನೆ ಮುಖ್ಯನೋ ಹುಳ ಮುಖ್ಯನೋ?"

ನಾಗರತ್ನ ಎದ್ದು ನಿಂತಳು. "ಆ ಗೋಡೆಗೆ ಇಪ್ಪತ್ತೊಂದು ದಿವ್ಸ, ದಿನಕ್ಕೆ ಮೂರು ಸತಿ ನೀರು ಉಣಿಸಿದೋಳು ನಾನು. ನೀವು ಶಿಫ್ಟಲ್ಲಿದ್ರಿ. ಗೋಡೆ ಮೇಲೆ ನಂಗೇನು ಅಗೆತನ ಹೇಳಿ? ಒಂದು ವಾರ ತಡೀರಿ ಅಂತೀನಿ, ಅಷ್ಟೆಯ."

"ತಡಿಯಕ್ಕಾಗಲ್ಲ. ಭಾನುವಾರ ನಮ್ ಶಿಫ್ಟ್‌ನೋರೆಲ್ಲ ಮನೆ ನೋಡಕ್ಕೆ ಬತ್ತಾವ್ರೆ, ಊಟಕ್ಕೆ. ಗೃಹಪ್ರವೇಶಕ್ಕೆ ರಜ ಸಿಗ್ದೆ ಬರ್ದಿದ್ದೋರು. ಬೋಳು ಗೋಡೆ ತೋರ್ಸ್ಲಾ ಅವ್ರಿಗೆ?"

ಕೊನೆಗೆ ಲಿಖಿತಾ ಫೋನಿನಲ್ಲಿ ಹುಡುಕಿ, ಪ್ರೈಮರ್ ಇಲ್ಲದೆ ಸ್ಟಿಕರಿನ ಹಾಗೆ ಅಂಟಿಸುವ ಕಾಗದವೂ ಉಂಟು, ಅದಕ್ಕೆ ವಾಸನೆ ಕಡಿಮೆ ಎಂದಳು. ಶನಿವಾರ ಅದನ್ನು ಅಂಟಿಸುವುದೆಂದಾಯಿತು. ಹುಳು ಹಣ್ಣಾಗಿ ಗೂಡು ಕಟ್ಟಲು ತೊಡಗುವುದು ಭಾನುವಾರ ಸಂಜೆಯ ಮೇಲೆ ಎಂದು ನಾಗರತ್ನಳ ಅಂದಾಜಾಗಿತ್ತು. ಎರಡಕ್ಕೂ ಅಡ್ಡಿಯಿಲ್ಲ ಎಂದು ಮನೆಯವರೆಲ್ಲ ಉಸಿರು ಬಿಟ್ಟರು.

ಬುಧವಾರ, ಗುರುವಾರ ಕುದಿಯುವಂಥ ಸೆಕೆ. ಆ ಸೆಕೆ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಶುಕ್ರವಾರ ಬೆಳಿಗ್ಗೆ ಹುಳುಮನೆಗೆ ಹೋದ ನಾಗರತ್ನ ಓಡಿಬಂದಳು.

"ಅತ್ತೆ, ಹಣ್ಣಾಗವೆ. ಎಲ್ಲ ಒಟ್ಟಿಗೇ."

ಹಣ್ಣಾದ ಹುಳು ಮೇವು ಮುಟ್ಟುವುದಿಲ್ಲ. ಮೈ ಹಳದಿಗಟ್ಟಿ, ತಲೆ ಎತ್ತಿ, ಕಟ್ಟುವ ಜಾಗ ಹುಡುಕುತ್ತದೆ. ಅಂಥದ್ದನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಯ ಮೇಲೆ ಬಿಡಬೇಕು. ಚಂದ್ರಿಕೆ ಎಂದರೆ ಆಳೆತ್ತರದ ಬಿದಿರ ಚಾಪೆ, ಅದರ ತುಂಬ ಸುತ್ತು ಸುತ್ತಾಗಿ ನೇಯ್ದ ಬಿದಿರ ಪಟ್ಟಿ. ಆ ಸುತ್ತುಗಳ ಸಂದಿಯಲ್ಲಿ ಹುಳು ಗೂಡು ಕಟ್ಟುತ್ತದೆ. ತಡಮಾಡಿದರೆ ತಟ್ಟೆಯಲ್ಲೇ ನೂಲು ಚೆಲ್ಲಿ ಹಾಳಾಗುತ್ತದೆ. ಲಿಖಿತಾ ಕಾಲೇಜಿಗೆ ಚಕ್ಕರ್ ಹೊಡೆದಳು. ಗೋವಿಂದಮ್ಮ ಮಗಳನ್ನು ಕರೆದುಕೊಂಡು ಬಂದಳು. ಚಿಕ್ಕಸ್ವಾಮಿ ಕನ್ನಡಕ ಹಾಕಿಕೊಂಡು ಕೂತ. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಚಂದ್ರಿಕೆ ತುಂಬಿತು.

ಆಗ ಹೊಳೆಯಿತು, ಇವನ್ನು ನಿಲ್ಲಿಸುವುದು ಎಲ್ಲಿ?

ಮುಂಚೆ ಹಳೆಯ ಮನೆಯ ಉದ್ದನೆಯ ಪಡಸಾಲೆಯಲ್ಲಿ ನಿಲ್ಲಿಸುತ್ತಿದ್ದರು. ಆ ಪಡಸಾಲೆಯನ್ನು ಕೆಡವಿಯೇ ಹೊಸ ಮನೆ ಎದ್ದದ್ದು. ಕಟ್ಟಡ ಶುರುವಾದಾಗಿನಿಂದ ಇಪ್ಪತ್ತು ಮೊಟ್ಟೆಯ ಸಣ್ಣ ಬೆಳೆಯನ್ನಷ್ಟೇ ಇಡುತ್ತಿದ್ದುದರಿಂದ ಚಂದ್ರಿಕೆಗಳು ಹುಳುಮನೆಯೊಳಗೇ ಹಿಡಿಸುತ್ತಿದ್ದವು. ಪ್ಲಾನು ಬರೆಸುವಾಗ ಕಾರಿಲ್ಲದ ಮನೆಗೆ ಕಾರು ನಿಲ್ಲಿಸುವ ಜಾಗ ಬಂತು, ಎರಡು ಬಾತ್‌ರೂಮು ಬಂತು, ಚಪ್ಪಲಿಗೂ ಒಂದು ಗೂಡು ಬಂತು. ಮೂರು ತಲೆಮಾರಿನಿಂದ ಹುಳು ಸಾಕಿದ ಮನೆಯವರಿಗೆ ಚಂದ್ರಿಕೆ ಮಾತ್ರ ನೆನಪಾಗಲಿಲ್ಲ. ವಿಶಾಲಮ್ಮನಿಗೆ ತನ್ನ ಮೇಲೇ ನಾಚಿಕೆಯಾಯಿತು.

ಹತ್ತು ಚಂದ್ರಿಕೆ ಹುಳುಮನೆಯ ಒಳಗೆ ಹಿಡಿಸಿದವು. ಹನ್ನೆರಡನ್ನು ಕಾರಿನ ಜಾಗದಲ್ಲಿ ನಿಲ್ಲಿಸಿ ಟಾರ್ಪಾಲು ಕಟ್ಟಿದರು. ಎರಡು ಗಂಟೆಗೆ ಮಲ್ಲನಮೂಲೆ ಕಡೆಯಿಂದ ಗಾಳಿ ಎದ್ದಿತು. ಟಾರ್ಪಾಲು ಪಟಪಟ ಬಡಿದು ಒಂದು ಕಡೆ ಹರಿಯಿತು, ಮಳೆ ಅಡ್ಡಡ್ಡ ಹೊಡೆಯತೊಡಗಿತು. ನಾಗರತ್ನ ತನ್ನ ಸೆರಗನ್ನೇ ಚಂದ್ರಿಕೆಗೆ ಹಿಡಿದು ನಿಂತಳು. ಒಂದು ಸೆರಗು ಹನ್ನೆರಡಕ್ಕೆ ಎಲ್ಲಿ ಸಾಲುತ್ತದೆ?

ವಿಶಾಲಮ್ಮ ದಿವಾನದಿಂದ ಎದ್ದು, ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಒಳಕ್ಕೆ ತಕ್ಕೊಂಬಾ."

"ಎಲ್ಲಿಗತ್ತೆ?"

"ಹಾಲ್‌ಗೆ. ಆ ಗೋಡೆ ಯಾಕಿರೋದು?"

ನಾಗರತ್ನ ಒದ್ದೆ ಮುಖದಲ್ಲಿ ಅವಳನ್ನೇ ನೋಡಿದಳು. "ಅವ್ರು ಏನಂತಾರೋ..."

"ಅವ್ನ ಮಾತು ನಂಗೆ ಬುಡು. ಅವ್ನ ಹೆತ್ತೋಳು ನಾನು."

ಆ ಮೇಲೆ ನಾಗರತ್ನ ಮಾಡಿದ್ದನ್ನು ವಿಶಾಲಮ್ಮ ಕಣ್ಣು ಮಿಟುಕಿಸದೆ ನೋಡಿದಳು. ಗಾರೆಯವರು ಬಿಟ್ಟುಹೋಗಿದ್ದ ಸರ್ವೆ ಕಂಬಗಳನ್ನು ಮಾವನೂ ಸೊಸೆಯೂ ಎಳೆದು ತಂದರು. ಚಿಕ್ಕಸ್ವಾಮಿ ಹಗ್ಗ ಬಿಗಿದು ಗೋಡೆಯುದ್ದಕ್ಕೂ ಚೌಕಟ್ಟು ಕಟ್ಟಿದ. ಕೆಳಗೆ ಆರು, ಮೇಲೆ ಆರು ಚಂದ್ರಿಕೆ.

"ಮೇಲೊಂದು ಮೊಳೆ ಒಡುದ್ರೆ ಬಿಗಿಯಾಗಿ ನಿಲ್ತದೆ ಕಣವ್ವ," ಎಂದ ಮಾವ.

"ಬ್ಯಾಡ ಮಾವ. ಮೊಳೆ ಒಡೀಬಾರ್ದು ಅಂದವ್ರೆ."

ಅಷ್ಟೇ ಅಲ್ಲ. ಕಂಬದ ತುದಿ ಗೋಡೆಗೆ ತಾಗುವ ಕಡೆಗಳಿಗೆಲ್ಲ ಹಳೆಯ ಸೀರೆಯ ಚೂರು ಸುತ್ತಿದಳು, ಸುಣ್ಣ ಕೆರೆಯದಿರಲಿ ಎಂದು. ನೆಲಕ್ಕೆ ಪೇಪರು ಹಾಸಿದಳು. ಬೆಳೆ ಹೋಗುವ ಗಳಿಗೆಯಲ್ಲೂ ಗಂಡನ ಗೋಡೆಗೆ ಗೀರು ಬೀಳದ ಹಾಗೆ ನೋಡಿಕೊಳ್ಳುವ ಈ ಹೆಣ್ಣನ್ನು ಏನೆನ್ನಬೇಕು? ವಿಶಾಲಮ್ಮನಿಗೆ ಒಂದು ಮಾತು ನಾಲಿಗೆಯ ತುದಿಗೆ ಬಂತು. ಹುಳು ಇವೆಯಲ್ಲ ಎಂದು ನುಂಗಿಕೊಂಡಳು.

ಆರೂವರೆಗೆ ಶಿವಸ್ವಾಮಿ ನೆನೆದುಕೊಂಡು ಬಂದ. ಹಾಲಿನ ದೀಪ ಹಾಕಿದವನು ಹಾಗೇ ನಿಂತ. ಗೋಡೆ ಕಾಣಿಸಲೇ ಇಲ್ಲ. ಇದ್ದದ್ದು ಬಿದಿರು, ಅದರ ತುಂಬ ತಲೆಯಾಡಿಸುವ ಹನ್ನೆರಡು ಸಾವಿರ ಹುಳು. ಕಟ್ಟುವ ಮೊದಲು ಅವು ಉಚ್ಚೆ ಹೊಯ್ಯುತ್ತವೆ. ಬಿಳಿ ಗೋಡೆಯ ಮೇಲೆ ಹಸಿರು ಬೆರೆತ ಹಳದಿ ನೀರು ಸಣ್ಣಗೆ ಇಳಿಯುತ್ತಿತ್ತು.

"ಏನವ್ವ ಇದು? ನನ್ ಗೋಡೆ..."

"ಮಳೆ ಬಂತು. ನಾನೇ ತರ್ಸ್ದೆ," ಎಂದಳು ವಿಶಾಲಮ್ಮ.

"ನಾಳೆ ರಘು ಬತ್ತಾನೆ. ನಾಳಿದ್ದು ಜನ ಬತ್ತಾರೆ."

"ಬರ್ಲಿ."

"ನನ್ ಮಾನ ಓಯ್ತದೆ ಕಣವ್ವ!"

"ಅವ್ಳ ಬೆಳೆ ಓಗಿದ್ರೆ ಪರವಾಗಿರ್ನಿಲ್ವಾ? ಕೊನೆ ಬೆಳೆ ಅಂದ್ಯಲ್ಲ. ಕೊನೆದಾದ್ರೂ ಸರಿಯಾಗಿ ಮುಗಿಸ್ಕೊಳ್ಳಿ ಬುಡು."

ಶಿವಸ್ವಾಮಿ ಅಡುಗೆಮನೆಯ ಕಡೆ ನೋಡಿದ. ನಾಗರತ್ನ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಹಿಟ್ಟು ತೊಳಸುತ್ತಿದ್ದಳು, ತಿರುಗಲಿಲ್ಲ. ಅವನು ಉಣ್ಣದೆ ಮಹಡಿಗೆ ಹೋದ. ಮಾರನೆಯ ದಿನ ರಘು ಕಾಗದದ ಸುರುಳಿ ಹೊತ್ತುಕೊಂಡು ಬಂದು, ಬಾಗಿಲಲ್ಲೇ ನಿಂತು, ಜಲಪಾತವನ್ನು ಅಂಗಡಿಗೆ ವಾಪಸು ಒಯ್ದ.

ಭಾನುವಾರದ ಅಡುಗೆಯೇ ದೊಡ್ಡ ಸಮಸ್ಯೆಯಾಯಿತು. ಬಂದವರಿಗೆ ಉಪ್ಪೆಸರು ಬಡಿಸುವುದು ಹೇಗೆ? ಗೋವಿಂದಮ್ಮ ತಾನಾಗಿಯೇ ಬಂದು, "ನಮ್ಮನೆ ಒಲೆ ಮೇಲೆ ಕೋಳಿ ಸಾರು ಮಾಡಿ ಒತ್ಕೊಂಬತ್ತೀನಿ, ವಾಸ್ನೆ ಈ ಕಡೆ ಬರ್ದಂಗೆ," ಎಂದಳು. ಹೋಗುವಾಗ ಹಾಲಿನ ಗೋಡೆಯನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಾನೇನೂ ಅನ್ಲಿಲ್ಲ ಕಣಕ್ಕ. ನೋಡ್ಕೊ, ಏನೂ ಅನ್ಲಿಲ್ಲ."

ವಿಶಾಲಮ್ಮನಿಗೆ ನಗು ತಡೆಯಲಾಗಲಿಲ್ಲ.

ಹನ್ನೆರಡು ಗಂಟೆಗೆ ಒಂದು ವ್ಯಾನಿನಲ್ಲಿ ಎಂಟು ಜನ ಬಂದಿಳಿದರು. ಶಿವಸ್ವಾಮಿ ಗೇಟಿನಲ್ಲೇ ಕ್ಷಮೆ ಕೇಳತೊಡಗಿದ. "ಸ್ವಲ್ಪ ಗಲೀಜಾಗದೆ, ಬೇಜಾರು ಮಾಡ್ಕೋಬೇಡಿ. ಮುಂದಿನ ಸತಿ ಬಂದಾಗ..." ಗುಂಪಿನಲ್ಲಿ ಹಿರಿಯನೆಂದರೆ ಹೆಮ್ಮರಗಾಲ ಊರಿನ ಮಹಾದೇವಸ್ವಾಮಿ, ಇನ್ನೊಂದು ವರ್ಷಕ್ಕೆ ರಿಟೈರ್ ಆಗುವ ಫಿಟ್ಟರ್. ಅವನು, ಹೊರಗಿನ ರೋಗ ಹುಳುವಿಗೆ ತಗುಲದಿರಲೆಂದು ಬಾಗಿಲ ಬಳಿ ನಾಗರತ್ನ ಇಟ್ಟಿದ್ದ ಸುಣ್ಣದ ನೀರಿನ ಬೋಗುಣಿ ಕಂಡದ್ದೇ ಚಪ್ಪಲಿ ಬಿಟ್ಟು, ಪ್ಯಾಂಟು ಮಡಿಸಿ, ಕಾಲು ಅದ್ದಿಕೊಂಡ. ಯಾರೂ ಹೇಳಿರಲಿಲ್ಲ. ಮಿಕ್ಕವರೂ ಅವನನ್ನು ನೋಡಿ ಹಾಗೇ ಮಾಡಿದರು.

ಒಳಗೆ ಬಂದವರು ಗೋಡೆಯ ಕಡೆಗೇ ತಿರುಗಿದರು. ಎರಡು ದಿನದಲ್ಲಿ ಹುಳುಗಳು ಗೂಡಿನೊಳಗೆ ಮರೆಯಾಗಿದ್ದವು. ನೆಲದಿಂದ ಹೆಚ್ಚುಕಡಿಮೆ ಸೂರಿನವರೆಗೆ, ಇಪ್ಪತ್ತನಾಲ್ಕು ಅಡಿ ಉದ್ದಕ್ಕೆ, ಬಿದಿರಿನ ಸುತ್ತಿನೊಳಗೆ ಸುತ್ತಾಗಿ ಸಾವಿರ ಸಾವಿರ ಗೂಡು, ಎಳೆ ನಿಂಬೆಹಣ್ಣಿನ ಬಣ್ಣ. ಬಾಗಿಲ ಬಿಸಿಲು ಅದರ ಮೇಲೆ ಬಿದ್ದು ಹಾಲಿಗೆ ಹಾಲೇ ಹಳದಿಯಾಗಿತ್ತು. ಮನೆಯಲ್ಲಿ ಜಲಪಾತ ಅಂಟಿಸಿಕೊಂಡವರು ಮೂವರಿದ್ದರು ಆ ಗುಂಪಿನಲ್ಲಿ. ಅವರೂ ಬಾಯಿ ತೆರೆದುಕೊಂಡೇ ನಿಂತರು.

ಒಬ್ಬನ ಹೆಂಡತಿ, "ಎಷ್ಟು ಚೆ..." ಎನ್ನುವಷ್ಟರಲ್ಲಿ ಮಹಾದೇವಸ್ವಾಮಿ ಜೋರಾಗಿ ಕೆಮ್ಮಿದ. ವಿಶಾಲಮ್ಮನಿಗೆ ಅವನ ಮೇಲೆ ತಕ್ಷಣ ಗೌರವ ಬಂತು.

"ನಮ್ಮವ್ವ ಸಾಕ್ತಿದ್ಲು ಕಣಮ್ಮ," ಎಂದ ಅವನು ವಿಶಾಲಮ್ಮನಿಗೆ. ಆಮೇಲೆ ಗೋಡೆಯ ಹತ್ತಿರ ಹೋಗಿ, ಮುಟ್ಟದೆ, ಬಗ್ಗಿ ಬಗ್ಗಿ ನೋಡಿದ. ಒಂದು ಗೂಡೂ ಸೊಟ್ಟಗಿಲ್ಲ, ಒಂದು ಹುಳುವೂ ಸತ್ತು ಜೋತಿಲ್ಲ. "ಶಿವಸ್ವಾಮಿ, ನಾಲ್ಕನೇ ಜ್ವರ ಆದ್ಮೇಲೆ ಎಷ್ಟು ದಿನಕ್ಕೆ ಹಣ್ಣಾದೊ?"

ಶಿವಸ್ವಾಮಿ ತಲೆ ಕೆರೆದುಕೊಂಡ. "ಒಂದು... ಹತ್ತು ದಿನ?"

"ಆರು," ಎಂದಿತು ಅಡುಗೆಮನೆ.

"ದಿನಕ್ಕೆ ಎಷ್ಟು ಸತಿ ಸೊಪ್ಪು?"

ಶಿವಸ್ವಾಮಿ ಅಡುಗೆಮನೆಯ ಕಡೆ ನೋಡಿದ.

"ನಾಲ್ಕು ಸತಿ. ಸೆಕೆ ಜಾಸ್ತಿ ಇದ್ದ ದಿನ ಐದು, ಒಂದೊಂದು ಹಿಡಿ."

"ಚಂದ್ರಿಕೆಗೆ ಎಷ್ಟು ಹುಳ ಬುಟ್ಟಿದ್ದು? ಇಷ್ಟು ಸಮ ಯಾರು ಬುಟ್ಟಿದ್ದು?"

ಈ ಸಲ ಶಿವಸ್ವಾಮಿ ಎಲ್ಲೂ ನೋಡಲಿಲ್ಲ. ಮನೆಯ ಸ್ಟೀಲು ಎಷ್ಟು ಟನ್ನು, ಟೈಲ್ಸು ಯಾವ ಊರಿನದು, ಎಲ್ಲ ಅವನಿಗೆ ಬಾಯಿಪಾಠ. ಇಪ್ಪತ್ತು ವರ್ಷ ತನ್ನ ಹಿತ್ತಲಲ್ಲಿ ನಡೆದಿದ್ದರ ಬಗ್ಗೆ ಒಂದು ಪ್ರಶ್ನೆಗೂ ಉತ್ತರ ಗೊತ್ತಿಲ್ಲ. ಅವನ ಕಿವಿ ಕೆಂಪಾದದ್ದನ್ನು ವಿಶಾಲಮ್ಮ ದಿವಾನದಿಂದಲೇ ಕಂಡಳು.

"ನಮ್ಮನೆಯವ್ಳು," ಎಂದ ಅವನು ಕೊನೆಗೆ. "ಎಲ್ಲ ಅವ್ಳೇ. ನಂಗೇನೂ ಗೊತ್ತಿಲ್ಲ ಕಣಣ್ಣ."

ಮಹಾದೇವಸ್ವಾಮಿ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, "ಪರವಾಗಿಲ್ಲ ಕಣವ್ವ," ಎಂದ. ನಾಗರತ್ನ ತಲೆ ತಗ್ಗಿಸಿ ನಕ್ಕಳು. ಮಿಕ್ಕವರಿಗೆ ಆ ಮಾತು ಸಪ್ಪೆ ಎನಿಸಿರಬೇಕು. ಅದರ ತೂಕ ತಿಳಿದದ್ದು ಅತ್ತೆಗೂ ಸೊಸೆಗೂ.

ಊಟಕ್ಕೆ ಕೂತಾಗ ಗೋವಿಂದಮ್ಮನ ಕೋಳಿ ಸಾರಿಗೆ ಎಲ್ಲರೂ ಕೈ ನೀಡಿದರು. ಮಹಾದೇವಸ್ವಾಮಿ ಮಾತ್ರ ಉಪ್ಪೆಸರು ಇದೆಯೇ ಎಂದು ಕೇಳಿ ಎರಡು ಸಲ ಹಾಕಿಸಿಕೊಂಡ.

ಬುಧವಾರ ಗೂಡು ಬಿಡಿಸಿದರು. ಗುರುವಾರ ಬೆಳಿಗ್ಗೆ ಚೀಲಗಳು ಮಾರ್ಕೆಟ್ಟಿನ ಗಾಡಿ ಹತ್ತಿದವು. ಚಂದ್ರಿಕೆಗಳನ್ನು ತೆಗೆದ ಮೇಲೆ ಗೋಡೆ ಮತ್ತೆ ಕಂಡಿತು. ಹನ್ನೆರಡು ಚೌಕದ ಗುರುತು, ಅದರೊಳಗೆಲ್ಲ ಇಳಿದು ಒಣಗಿದ ಹಳದಿ ಗೆರೆ. ನಾಗರತ್ನ ಬಟ್ಟೆ ಒದ್ದೆ ಮಾಡಿಕೊಂಡು ಒರೆಸಿದಳು. ಹೋಗಲಿಲ್ಲ. ಶಿವಸ್ವಾಮಿ ಕೆಲಸದಿಂದ ಬಂದು ಅದರ ಮುಂದೆ ತುಂಬ ಹೊತ್ತು ನಿಂತ, ಏನೂ ಹೇಳಲಿಲ್ಲ. ವಿಶಾಲಮ್ಮನಿಗೆ ಅದೇ ಭಯ. ಬೈಯುವ ಮಗ ಅವಳಿಗೆ ಗೊತ್ತು, ಸುಮ್ಮನಿರುವ ಮಗ ಗೊತ್ತಿಲ್ಲ.

ದೀಪಾವಳಿ ಬಂತು, ಹೋಯಿತು. ಒಗ್ಗರಣೆಯ ಘಮ ಮನೆಗೆ ಮರಳಿತು. ನಾಗರತ್ನ ಹುಳುಮನೆ ತೊಳೆದು, ಚಂದ್ರಿಕೆಗಳನ್ನು ಬಿಸಿಲಿಗೆ ಒಣಗಿಸಿ, ಒಂದರ ಮೇಲೊಂದು ಒಪ್ಪವಾಗಿ ಜೋಡಿಸಿಟ್ಟಳು. ಇನ್ನು ಬಳಸದ ಸಾಮಾನನ್ನು ಯಾರಾದರೂ ಹಾಗೆ ಜೋಡಿಸುತ್ತಾರೆಯೇ? ಹೊಸ ಮೊಟ್ಟೆಗೆ ಹೇಳಿ ಕಳಿಸುವ ದಿನ ಬಂದಿತ್ತು. ಅವಳು ಹೇಳಿ ಕಳಿಸಲಿಲ್ಲ. ಮಧ್ಯಾಹ್ನದ ಹೊತ್ತು ಹಿಪ್ಪುನೇರಳೆ ತೋಟಕ್ಕೆ ಹೋಗಿ ಸುಮ್ಮನೆ ನಿಂತು ಬರುತ್ತಿದ್ದಳು.

ಜೆಸಿಬಿ ಬರಬೇಕಾಗಿದ್ದ ಸೋಮವಾರ ಶಿವಸ್ವಾಮಿ ರಜ ಹಾಕಿದ. ವಿಶಾಲಮ್ಮ ಬೆಳಗಿನ ಕಾಫಿ ಕುಡಿಯಲಿಲ್ಲ. ಒಂಬತ್ತಕ್ಕೆ ಸದ್ದು ಕೇಳಿತು, ಗಿರ್ರೆಂದು. ಬಂದೇಬಿಟ್ಟಿತು ಎಂದುಕೊಂಡಳು. ಆದರೆ ಸದ್ದು ಬಂದದ್ದು ಹಾಲಿನ ಇನ್ನೊಂದು ತುದಿಯಿಂದ. ಮಗ ಡ್ರಿಲ್ಲಿಂಗ್ ಮಿಷನ್ನು ಹಿಡಿದು ಬಿಟ್ಟು ನೋಡುತ್ತಿದ್ದ. ಮಹಾದೇವಸ್ವಾಮಿಯಿಂದ ಕೇಳಿ ತಂದದ್ದಂತೆ. ನೆಲದ ಮೇಲೆ ಒಂದು ಡಬ್ಬ ಕಬ್ಬಿಣದ ಕೊಕ್ಕೆ, ಟೇಪು, ಪೆನ್ಸಿಲು.

"ಏನ್ಲಾ ಅದು? ಜೆಸಿಬಿ?"

"ಬ್ಯಾಡ ಅಂದೆ ಕಣವ್ವ," ಎಂದ ಅವನು ತಿರುಗದೆ. ಆಮೇಲೆ ಗಟ್ಟಿಯಾಗಿ ಕರೆದ. "ನಾಗೂ, ಒಸಿ ಬಾ ಇಲ್ಲಿ."

ನಾಗರತ್ನ ಕೈ ಒರೆಸಿಕೊಳ್ಳುತ್ತ ಬಂದಳು. ಡ್ರಿಲ್ಲು ನೋಡಿದಳು, ಕೊಕ್ಕೆ ನೋಡಿದಳು, ಗಂಡನನ್ನು ನೋಡಿದಳು.

"ಗೋಡೆಗೆ ಒರಗಿ ನಿಂತ್ಕೋ. ಕೈ ಎತ್ತು, ಎಷ್ಟು ಎಟುಕುತ್ತೆ ನೋಡಾನ."

"ಯಾಕೆ?"

"ಚಂದ್ರಿಕೆ ನೇತಾಕೋಳು ನೀನಲ್ವಾ? ನಿಂಗೆ ಎಟುಕ್ದೆ ಇದ್ರೆ ಎಂಗೆ? ಬೆಳೆ ಇಲ್ದಾಗ್ಲೂ ಬರೀ ಚಂದ್ರಿಕೆ ಇಲ್ಲೇ ಇರ್ಲಿ, ಗೋಡೆ ಬೋಳಾಗಿರಕ್ಕಿಲ್ಲ. ಕೆಳಗಿನ ಸಾಲು ನಿನ್ ಅಳ್ತೆ. ಮೇಲಿಂದು ನಂದು. ಏಣಿ ಹತ್ತಿ ನಾನ್ ಆಕ್ಕೊಡ್ತೀನಿ, ರಜ ಆಕಾದ್ರೂ."

ಮಹಡಿ ಮೆಟ್ಟಿಲಿನಿಂದ ಲಿಖಿತಾ, "ಅಪ್ಪ, ಮೊಳೆ ಒಡೀಬಾರ್ದು ಅಂತಿದ್ದೆ!" ಎಂದು ಕೂಗಿದಳು.

"ಇದು ಮೊಳೆ ಅಲ್ಲ, ಕೊಕ್ಕೆ. ಸುಮ್ನೆ ಟೇಪ್ ಇಡ್ಕೊ ಬಾ."

ನಾಗರತ್ನ ಹಳದಿ ಗೆರೆಗಳ ನಡುವೆ ಬೆನ್ನು ಆನಿಸಿ ನಿಂತು ಬಲಗೈ ಎತ್ತಿದಳು. ಶಿವಸ್ವಾಮಿ ಅವಳ ಬೆರಳ ತುದಿಯಲ್ಲಿ ಪೆನ್ಸಿಲಿನಿಂದ ಗೆರೆ ಎಳೆದ. ದಿವಾನದ ಮೇಲೆ ಕೂತ ವಿಶಾಲಮ್ಮನಿಗೆ ಇಬ್ಬರೂ ಕಾಣುತ್ತಿದ್ದರು, ಗೋಡೆಯೂ ಕಾಣುತ್ತಿತ್ತು. ಹುಳುಮನೆ ಖಾಲಿ. ಗೂಡು ಮಾರಿಯಾಗಿದೆ. ಹೊಸ ಮೊಟ್ಟೆ ಇನ್ನೂ ಬಂದಿಲ್ಲ. ಇಪ್ಪತ್ತು ವರ್ಷದಲ್ಲಿ ಇಂಥದೊಂದು ದಿನ ಸಿಕ್ಕಿದ್ದು ಇದೇ ಮೊದಲು ಎಂದು ಅವಳಿಗೆ ಅನ್ನಿಸಿತು. ಸಿಗದ್ದೇನೂ ಅಲ್ಲ, ತಾನು ಹುಡುಕಿರಲಿಲ್ಲ ಎಂದೂ ಅನ್ನಿಸಿತು.

"ನಾಗ್ರತ್ನ," ಎಂದಳು.

"ಏನತ್ತೆ?"

"ಚೆನ್ನಾಗಿ ಬೆಳ್ದೆ ಕಣವ್ವ. ಈ ಸತಿ ಅಂತಲ್ಲ, ಎಲ್ಲಾ ಸತಿನೂವೆ. ನಂಗಿಂತ ಚೆನ್ನಾಗಿ."

ಶಿವಸ್ವಾಮಿ ಗೆರೆ ಎಳೆದು ಮುಗಿಸಿ, ಟೇಪು ಸುತ್ತಿ, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು, ಸಾಕು ಇಳಿಸು ಎಂದು ಎರಡು ಸಲ ಹೇಳಿದ. ಅತ್ತೆಯನ್ನೇ ನೋಡುತ್ತಿದ್ದ ನಾಗರತ್ನ ಎತ್ತಿದ ಕೈ ಇಳಿಸಲಿಲ್ಲ.